ಗುರುವಾರದ ಒಡಪು

ನಮ್ಮ ಪುಣೆಯಲ್ಲಿ ಬಹಳಷ್ಟು ಗುರುವಾರ ನಳಕ್ಕೆ ರಜೆ. ಪೈಪು ರಿಪೇರಿ, ಪಂಪು ರಿಪೇರಿ, ಏನಾದರೊಂದು ಹೇಳಿ ಅಂದು ನೀರು ಬಿಡುವುದಿಲ್ಲ. ಬುಧವಾರವೇ ತುಂಬಿಟ್ಟುಕೊಳ್ಳಬೇಕು. ನೀರಿಲ್ಲದ ಮೇಲೆ ಬಟ್ಟೆ ಒಗೆಯುವುದಿಲ್ಲ, ಪಾತ್ರೆಯೂ ಅರ್ಧಕ್ಕರ್ಧ. ಹೀಗಾಗಿ ಹೆಂಗಸರಿಗೆ ವಾರದಲ್ಲಿ ಒಂದಿಷ್ಟು ಬಿಡುವು ಸಿಗುವುದು ಗುರುವಾರ ಮಧ್ಯಾಹ್ನ. ರೇಡಿಯೋ ಕೇಂದ್ರದವರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಆ ಅರ್ಧ ಗಂಟೆ ಕೊಟ್ಟದ್ದು ದೊಡ್ಡ ಮನಸ್ಸು ಮಾಡಿ ಅಲ್ಲ. ಪುಣೆಯ ಮಂದಿ ಊಟ ಮುಗಿಸಿ ಮಲಗುವ ಹೊತ್ತು ಅದು, ಯಾರಿಗೂ ಬೇಡವಾಗಿತ್ತು. ನಮಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು.

ಕೇಂದ್ರ ಇದ್ದದ್ದು ಶಿವಾಜಿನಗರದ ಒಂದು ಕಾಲೇಜಿನ ಹಿಂಬದಿಯ ಹಳೆಯ ಪ್ರಯೋಗಶಾಲೆಯಲ್ಲಿ. ಗೋಡೆಗೆ ಹಾಸಿಗೆಯಂಥದ್ದೇನನ್ನೋ ಬಡಿದು ಸ್ಟುಡಿಯೋ ಎಂದು ಹೆಸರಿಟ್ಟಿದ್ದರು. ಸಮುದಾಯ ರೇಡಿಯೋ ಎಂದರೆ ಅಷ್ಟೇ. ನಾಲ್ಕು ಪೇಟೆ, ಎರಡು ಗುಡ್ಡ ದಾಟಿದರೆ ನಮ್ಮ ದನಿ ಕೇಳುವುದಿಲ್ಲ. ಆದರೆ ಆ ನಾಲ್ಕು ಪೇಟೆಯೊಳಗೆ, ಕಾಲುವೆಯ ದಂಡೆಗೆ ಒಂದೊಂದೇ ಕೋಣೆಯ ತಗಡಿನ ಮನೆ, ಅವರ ಮಾತಿನಲ್ಲಿ ಖೋಲಿ, ಕಟ್ಟಿಕೊಂಡು ಕಲಬುರಗಿ, ಯಾದಗಿರಿ, ವಿಜಯಪುರದ ಜನ ಸಾಕಷ್ಟು ಇದ್ದರು. ಪುಣೆಯ ಮುಗಿಲೆತ್ತರದ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು ಅವರು. ಆ ವಸ್ತಿಗಾಗಿಯೇ ನಮ್ಮ ಅರ್ಧ ಗಂಟೆ.

ನಾನು ಆ ವಸ್ತಿಯವಳಲ್ಲ. ನನ್ನಪ್ಪ ಗದಗಿನ ಕಡೆಯಿಂದ ಬಂದು ಇಲ್ಲಿನ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ನಾನು ಹುಟ್ಟಿದ್ದೇ ಇಲ್ಲಿ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ, ಸಿಟ್ಟು ಬಂದರೆ ಎರಡೂ. ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಈಗ ಅವರ ಎಲ್ಲ ಕಾಗದಪತ್ರ ನೋಡುವವಳಾಗಿದ್ದೇನೆ. ಗುರುವಾರ ಮಧ್ಯಾಹ್ನ ವಕೀಲರು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದರು, ನಾನು ರೇಡಿಯೋಕ್ಕೆ ಓಡುತ್ತಿದ್ದೆ. ಯಾರಾದರೂ ‘ನೀವು ಸಮಾಜಸೇವೆ ಮಾಡ್ತೀರಂತೆ’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾತಾಡುವ ಚಟ ಇತ್ತು, ಮೈಕು ಸಿಕ್ಕಿತು, ಮಾತಾಡಿದೆ.

ಜೊತೆಗೆ ಮಾತಾಡುತ್ತಿದ್ದವಳು ವಸ್ತಿಯ ಗೆಳತಿ. ಅಫಜಲಪುರದ ಕಡೆಯವಳು. ಮೊದಲು ಕಟ್ಟಡದ ಕೆಲಸ, ಮೊಣಕಾಲು ಹಿಡಿದುಕೊಂಡ ಮೇಲೆ ಅಪಾರ್ಟ್‌ಮೆಂಟ್ ಸೊಸೈಟಿಗಳ ಮನೆಗಳಲ್ಲಿ ಅಡುಗೆ. ಬೀಸುವ ಪದ, ಸೋಬಾನ ಪದ ಅವಳ ಬಾಯಲ್ಲಿ ನೀರು ಹರಿದಂತೆ ಹರಿಯುತ್ತಿದ್ದವು. ಮೊದಲ ಸಲ ಮೈಕಿನ ಮುಂದೆ ಕೂತಾಗ ‘ಇದು ನನ್ನ ಮಾತು ನುಂಗತದೇನ್ರಿ?’ ಎಂದು ಕೇಳಿದ್ದಳು. ನಾಲ್ಕನೆಯ ವಾರಕ್ಕೆ ನನ್ನ ಮಾತನ್ನೇ ನುಂಗಲು ಶುರುಮಾಡಿದಳು. ಅವಳಿಗೆ ಒಬ್ಬ ಮಗಳು, ನರ್ಸಿಂಗ್ ಓದುತ್ತಿದ್ದಳು. ಗಂಡ ಇದ್ದ ಎಂದರೆ ಇದ್ದ. ಪುಣೆಯಾಚೆ ದೂರದ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಹಿಡಿದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ, ಮಗಳು ಚಿಕ್ಕವಳಿದ್ದಾಗಲೇ ಈ ಕಡೆ ಬರುವುದನ್ನು ಬಿಟ್ಟಿದ್ದ.

ನಮ್ಮ ಸಲಕರಣೆ ನೋಡಿಕೊಳ್ಳುತ್ತಿದ್ದವಳು ಮೈಸೂರಿನ ಒಬ್ಬ ಹುಡುಗಿ, ಐಟಿ ಕಂಪನಿಯವಳು. ನನ್ನನ್ನು ‘ಆಂಟಿ’ ಎನ್ನುತ್ತಿದ್ದಳು. ಅದೊಂದನ್ನು ಬಿಟ್ಟರೆ ಅವಳ ಮೇಲೆ ನನ್ನ ತಕರಾರೇನಿಲ್ಲ. ಅವಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಓದಿ ಬಂದಿದ್ದಳು. ಅಲ್ಲಿ ಮೆಕ್ಸಿಕೋ ಮೂಲದ ಜನ ತಮ್ಮನ್ನು ಚಿಕಾನೊ ಎಂದು ಕರೆದುಕೊಳ್ಳುತ್ತಾರೆ, ತಮ್ಮದೇ ರೇಡಿಯೋ ಕಟ್ಟಿಕೊಂಡಿದ್ದಾರೆ ಎಂದು ಒಂದು ದಿನ ಚಹಾ ಕುಡಿಯುತ್ತ ಹೇಳಿದಳು.

‘ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡೋರು ಆಂಟಿ. ಕಿವೀಲಿ ರೇಡಿಯೋ ಇಟ್ಕೊಂಡೇ ಹಣ್ಣು ಕೀಳ್ತಾ ಇದ್ರಂತೆ. ಕೂಲಿ ಎಷ್ಟು ಕೇಳ್ಬೇಕು, ಮೀಟಿಂಗ್ ಎಲ್ಲಿ, ಎಲ್ಲಾ ಅವ್ರ ಭಾಷೇಲೇ ಬರೋದು. ಪೊಲೀಸ್ ರೇಡ್ ಆಗತ್ತೆ ಅಂತ ಗೊತ್ತಾದ್ರೆ ಒಂದು ಹಾಡು ಹಾಕ್ತಿದ್ರಂತೆ, ಅದು ಸಿಗ್ನಲ್. ಮತ್ತೆ ಚಿಕಾನೊ ಅನ್ನೋದು ಮೊದ್ಲು ಬೈಗುಳ ಥರ ಇತ್ತಂತೆ. ಅದನ್ನೇ ಇವ್ರು, ಹೌದು ನಾವು ಅದೇ, ಅಂತ ತಗೊಂಡ್ಬಿಟ್ರು.’

ಗೆಳತಿ ಬಟ್ಟಲು ಕೆಳಗಿಟ್ಟು ಕೇಳಿದಳು: ‘ಅಲ್ಲಿನೂ ನಮ್ಮಂಗ ದುಡಿಲಾಕ ಹೋದ ಮಂದಿನ ಅನ್ರಿ. ಅವರ ಖೋಲಿ ಯಾರ ಹೆಸರಿನ್ಯಾಗ ಇರ್ತಾವ ತಂಗಿ?’

ಹುಡುಗಿಗೆ ಗೊತ್ತಿರಲಿಲ್ಲ. ನನಗೂ ಆ ಪ್ರಶ್ನೆ ಯಾಕೆ ಬಂತೆಂದು ಆಗ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಹಾಡಿನ ಸಿಗ್ನಲ್ಲೇ ಸುತ್ತುತ್ತಿತ್ತು. ಯಾಕೆಂದರೆ ನಮ್ಮ ಕೇಂದ್ರದ ವ್ಯವಸ್ಥಾಪಕರು ನಮಗೆ ಹಾಕಿಕೊಟ್ಟಿದ್ದ ಲಕ್ಷ್ಮಣರೇಖೆ ಭಾರಿ ಬಿಗಿಯಾಗಿತ್ತು. ಅವರು ಒಳ್ಳೆಯ ಮರಾಠಿ ಗೃಹಸ್ಥರು, ಇಸ್ತ್ರಿ ಅಂಗಿಯವರು. ಸಮುದಾಯ ರೇಡಿಯೋದಲ್ಲಿ ನಾವೇ ಸುದ್ದಿ ಮಾಡಿ ಓದುವಂತಿಲ್ಲ, ರಾಜಕೀಯ ಆಡುವಂತಿಲ್ಲ, ಯಾರ ಹೆಸರೂ ಹಿಡಿದು ದೂರುವಂತಿಲ್ಲ. ನಿಯಮ ನಿಯಮವೇ, ಪರವಾನಗಿ ಹೋದರೆ ಎಲ್ಲರ ಬಾಯಿಯೂ ಬಂದ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ನಳದಲ್ಲಿ ನೀರು ಬರುವುದಿಲ್ಲ ಎಂದರೆ ರಾಜಕೀಯ. ನೀರನ್ನು ಕುದಿಸಿ ಕುಡಿಯಿರಿ ಎಂದರೆ ಆರೋಗ್ಯ. ನೀರೇ ಇಲ್ಲದೆ ಏನನ್ನು ಕುದಿಸೋಣ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡರು.

ಬರುತ್ತದೆ ಬರುತ್ತದೆ ಎಂದು ವಸ್ತಿಯಲ್ಲಿ ಮಾತಾಡಿಕೊಳ್ಳುತ್ತಿದ್ದ ಸರ್ವೆ ಆ ವರ್ಷ ಬಂತು. ತಗಡಿನ ಮನೆಗಳನ್ನು ತೆಗೆದು ಅಲ್ಲೇ ದೊಡ್ಡ ಕಟ್ಟಡ ಕಟ್ಟುವುದು, ಖೋಲಿ ಇದ್ದವರಿಗೆ ಅದರಲ್ಲಿ ಒಂದೊಂದು ಫ್ಲಾಟ್ ಕೊಡುವುದು ಎಂದು ಯೋಜನೆ. ಯಾವ ಖೋಲಿ ಯಾರದು ಎಂದು ಮೊದಲು ಬರೆದುಕೊಳ್ಳಬೇಕಿತ್ತು. ಕೈಯಲ್ಲಿ ಟ್ಯಾಬ್ ಹಿಡಿದ ಮರಾಠಿ ತರುಣನೊಬ್ಬ ಬಾಗಿಲಿಂದ ಬಾಗಿಲಿಗೆ ಬಂದ.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆ ಹೆಂಗಸು ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ ಸೆರಗು ಸರಿಮಾಡಿಕೊಂಡು ಪಕ್ಕದವಳ ಮುಖ ನೋಡುತ್ತಾಳೆ, ಪಕ್ಕದವಳು ಹೇಳುತ್ತಾಳೆ. ನಾಳೆ ಅವಳಿಗೆ ಕೇಳಿದಾಗ ಇವಳು ಹೇಳುತ್ತಾಳೆ. ದವಾಖಾನೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ಹೀಗೇ ನಡೆಯುತ್ತದೆ. ನಗಬೇಡಿ, ದಿನಕ್ಕೆ ಹತ್ತು ಜನರ ಗಂಡಂದಿರ ಹೆಸರು ಟೈಪು ಮಾಡುವ ನಾನು ಕೂಡ ಮನೆಯಲ್ಲಿ ಇನ್ನೂ ‘ಇಲ್ಲಿ ಕೇಳ್ರಿ’ಯನ್ನು ದಾಟಿಲ್ಲ.

ಸರ್ವೆಯವನು ಗೆಳತಿಯ ಬಾಗಿಲಿಗೆ ಬಂದಾಗ ಅವಳು ಮನೆಯಲ್ಲೇ ಇದ್ದಳು. ತನ್ನ ಹೆಸರು ಹೇಳಿದಳು. ಗಂಡನ ಹೆಸರೇನು ಎಂದ. ಬಿಟ್ಟು ಹೋದ ಗಂಡ, ವರ್ಷಗಟ್ಟಲೆ ಮುಖ ತೋರಿಸದ ಗಂಡ. ಆದರೂ ಬಾಯಿ ಕಟ್ಟಿತು. ರೂಢಿಯಂತೆ ಪಕ್ಕದ ಬಾಗಿಲ ಕಡೆ ನೋಡಿದಳು. ಅಲ್ಲಿ ಕೂತಿದ್ದವಳು ಆಯಿ. ವಸ್ತಿಗೆಲ್ಲ ಹಿರಿಯಳು, ಎಲ್ಲರಿಗೂ ಅಜ್ಜಿ, ಅದಕ್ಕೇ ಆಯಿ. ವಸ್ತಿಯ ಎಲ್ಲ ಗಂಡಂದಿರ ಹೆಸರು, ಅವರ ಅಪ್ಪಂದಿರ ಹೆಸರು, ಅಡ್ಡಹೆಸರು ಸಮೇತ ಆಯಿಯ ನಾಲಗೆಯ ತುದಿಯಲ್ಲಿದ್ದವು. ಸೊಪ್ಪು ಸೋಸುತ್ತಿದ್ದ ಆಯಿ ತಲೆಯೆತ್ತಿ, ದೊಡ್ಡ ದನಿಯಲ್ಲಿ ಆ ಗಂಡಸಿನ ಪೂರ್ತಿ ಹೆಸರು ಹೇಳಿದಳು. ತರುಣ ಅದನ್ನೇ ಖೋಲಿಯ ಮಾಲೀಕನ ಜಾಗಕ್ಕೆ ಒತ್ತಿಕೊಂಡು ಮುಂದಿನ ಬಾಗಿಲಿಗೆ ಹೋದ. ಗೆಳತಿ ಆಯಿಗೆ ಉಪಕಾರ ಆಯ್ತೆಂಬಂತೆ ನಕ್ಕು ಒಳಗೆ ಹೋದಳು. ಎರಡು ಒಳ್ಳೆಯ ಮನಸ್ಸು ಸೇರಿ ಮನೆಯನ್ನು ಹೀಗೆ ಕಳೆದವು.

ಏನಾಗಿದೆ ಎಂದು ತಿಳಿದದ್ದು ಆ ಗಂಡ ಬಂದಾಗ. ವಸ್ತಿಯ ಗಂಡಸೊಬ್ಬ ಅದೇ ಕಾರ್ಖಾನೆಯಲ್ಲಿದ್ದ, ಅವನ ಮೂಲಕ ಸುದ್ದಿ ಮುಟ್ಟಿತ್ತು. ಹೊಸ ಮೋಟರ್ ಸೈಕಲ್ ಮೇಲೆ, ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಫ್ಲಾಟ್ ಬಂತೆಂದರೆ ಗಂಡನೂ ಬಾರದೆ ಇರುತ್ತಾನೆಯೇ? ‘ನನ್ನ ಹೆಸರಿಗಿ ಫ್ಲಾಟ್ ಆಗ್ಯಾದ’ ಎಂದು ಎಲ್ಲರಿಗೂ ಪೇಢೆ ಹಂಚಿದ. ಕಟ್ಟಡ ಏಳುವತನಕ ನೀವು ತಾಯಿ ಮಗಳು ಬೇರೆ ಕಡೆ ನೋಡಿಕೊಳ್ಳಿ ಎಂದು ಹೆಂಡತಿಗೆ ಹೇಳಿದ. ಆಮೇಲೆ ಫ್ಲಾಟಿಗೆ ಯಾರು ಬರುತ್ತಾರೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆ ಗುರುವಾರ ಗೆಳತಿ ಸ್ಟುಡಿಯೋಕ್ಕೆ ಬಂದು ಮೈಕಿನ ಮುಂದೆ ಕೂತು ಹಾಡಲೇ ಇಲ್ಲ. ನಾನು ಹಳೆಯ ರೆಕಾರ್ಡಿಂಗ್ ಹಾಕಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ಹೇಳಿದಳು.

‘ಅಂವ ಹೋದದ್ದಕ್ಕ ನಾ ಅಳಲಿಲ್ರಿ ಅಕ್ಕಾರ. ಆದರ ಅವನ ಹೆಸರು ನನ್ನ ಬಾಯಾಗ ಕುಂತಿತ್ತು ನೋಡ್ರಿ, ಹೊರಗ ಬರಲಿಲ್ಲ. ಒಮ್ಮಿ ಉಗುಳಿ ಬಿಟ್ಟಿದ್ದರ ಮುಗೀತಿತ್ತು. ತಗಡಾ ತಂದಾಕಿ ನಾನು, ಗ್ವಾಡಿ ಕಟ್ಟಿದಾಕಿ ನಾನು. ಮಗಳಿಗಿ ಏನು ಹೇಳಲಿ?’

ನನಗೆ ಅಳು ಬರುವುದಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ. ವಕೀಲರ ಮುಂದೆ ಹೋಗಿ ಕೂತೆ. ಅವರು ಅರೆನಿದ್ದೆಯಲ್ಲೂ ಸರಿಯಾಗಿಯೇ ಹೇಳಿದರು. ತಕರಾರು ಅರ್ಜಿ ಹಾಕಿದರೆ ವಿಚಾರಣೆ ಇಡುತ್ತಾರೆ. ಖೋಲಿಯಲ್ಲಿ ನಿಜವಾಗಿ ಬದುಕುತ್ತಿರುವವರು ಯಾರು ಎಂಬುದು ಮುಖ್ಯ. ಕರೆಂಟ್ ಬಿಲ್ಲು ಅವನ ಹೆಸರಿನಲ್ಲೇ ಇರುವುದರಿಂದ ನೆರೆಹೊರೆಯವರು ಬಂದು ಬಾಯಿಬಿಟ್ಟು ಹೇಳಬೇಕು. ಒಬ್ಬರಿಬ್ಬರಲ್ಲ, ವಸ್ತಿಯೇ ಬರಬೇಕು. ಅರ್ಜಿಯನ್ನು ಅಂದೇ ಟೈಪು ಮಾಡಿ ಹಾಕಿಸಿದೆ.

ವಸ್ತಿ ಬರಲು ಒಪ್ಪಲಿಲ್ಲ. ನಾನೇ ಹೋಗಿ ಮನೆಮನೆ ತಿರುಗಿದೆ. ಗಂಡಸರು ಕಟ್ಟೆಯ ಮೇಲೆ ಕೂತು ‘ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಕ್ಕಾರ, ನಾವ್ಯಾಕ ನಡುವ ಬಾಯಿ ಹಾಕೂದು’ ಎಂದರು. ಇವರಿಬ್ಬರು ಕೂಡಿ ಉಂಡು ಎಷ್ಟು ವರ್ಷ ಆಯಿತು ಎಂದು ಕೇಳಿದೆ. ಒಬ್ಬ ಬೀಡಿ ಹಚ್ಚಿದ, ಇನ್ನೊಬ್ಬ ಎದ್ದು ಹೋದ. ಹೆಂಗಸರು ಮುಖ ತಿರುಗಿಸಲಿಲ್ಲ, ಆದರೆ ಅಂಜಿದ್ದರು. ಒಂದು ಖೋಲಿಯ ತಕರಾರಿಗೆ ಇಡೀ ಕಟ್ಟಡವೇ ನಿಂತುಬಿಟ್ಟರೆ ಎಂಬ ಅಂಜಿಕೆ. ಅದು ಸುಳ್ಳು ಅಂಜಿಕೆಯೇನೂ ಅಲ್ಲ. ಆಯಿಯಂತೂ ತನ್ನ ಬಾಯಿಂದಲೇ ಹೀಗಾಯಿತೆಂದು ಒಳಗೊಳಗೇ ಕುಸಿದು, ಗೆಳತಿಯ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಿದ್ದಳು. ‘ನಾ ಮತ್ತೇನರ ಹೇಳಾಕ ಹೋಗಿ ಮತ್ತೇನರ ಆದರ?’ ಎನ್ನುತ್ತಿದ್ದಳು. ಗೆಳತಿ ಒಂದು ಮಾತೂ ಅಂದಿರಲಿಲ್ಲ, ಅದೇ ಆಯಿಗೆ ಹೆಚ್ಚು ಚುಚ್ಚುತ್ತಿತ್ತು.

ಇದನ್ನು ರೇಡಿಯೋದಲ್ಲಿ ಹೇಳೋಣ, ಖೋಲಿಯ ಪ್ರಶ್ನೆ ಎಲ್ಲ ವಸ್ತಿಯದೂ ಹೌದು, ಎಂದು ವ್ಯವಸ್ಥಾಪಕರ ಬಳಿ ಹೋದೆ. ಅವರು ತಲೆ ಅಲ್ಲಾಡಿಸಿದರು. ವ್ಯಾಜ್ಯದಲ್ಲಿರುವ ವಿಷಯ, ಒಬ್ಬ ವ್ಯಕ್ತಿಯ ಮೇಲೆ ದೂರು, ಬೇಡವೇ ಬೇಡ. ‘ತಾಯೀ, ಸಂಕ್ರಾಂತಿ ಹತ್ತಿರ ಬಂತು. ಅರಿಶಿನ-ಕುಂಕುಮದ ಕಾರ್ಯಕ್ರಮ ಮಾಡಿ. ಹೆಂಗಸರಿಗೆ ಖುಷಿಯಾಗುತ್ತದೆ’ ಎಂದು ಮರಾಠಿಯಲ್ಲಿ ಸಮಾಧಾನ ಮಾಡಿದರು. ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ. ಆದರೂ ಕಾರ್ಯಕ್ರಮ ಮಾಡಲೇಬೇಕಿತ್ತು, ಹಬ್ಬ ಕೇಳಿ ಬರುವುದಿಲ್ಲ.

ವಸ್ತಿಯ ಗುಡಿಯ ಕಟ್ಟೆಯ ಮೇಲೆ ರೆಕಾರ್ಡಿಂಗ್ ಇಟ್ಟೆವು. ಆ ಭಾಗದ ಪುಢಾರಿಯೊಬ್ಬ ತನ್ನ ಫೋಟೋ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಗಳನ್ನು ಬಾಗಿನವೆಂದು ಕಳಿಸಿದ್ದ. ಅದು ರಾಜಕೀಯವಲ್ಲವಂತೆ. ಹೆಂಗಸರು ಡಬ್ಬಿ ಒಳ್ಳೆಯದಿದೆ ಎಂದು ಮುಚ್ಚಳ ತೆಗೆದು ಹಾಕಿ ನೋಡಿಕೊಂಡರು, ಫೋಟೋವನ್ನು ಉಗುರಿನಿಂದ ಕೆರೆದರು. ಮೈಸೂರಿನ ಹುಡುಗಿ ಮೈಕು ಹಿಡಿದು ಎಲ್ಲರ ನಡುವೆ ಕೂತಳು. ಎಳ್ಳು ಬೆಲ್ಲ ಹಂಚಿದ ಮೇಲೆ ಒಡಪು ಶುರುವಾಯಿತು.

ಒಡಪು ಎಂದರೆ ಗಂಡನ ಹೆಸರು ಹೇಳಲು ನಮ್ಮ ಹೆಂಗಸರು ಹುಡುಕಿಕೊಂಡ ಹಿಂಬಾಗಿಲು. ಹಾಗೆ ಹೇಳುವಂತಿಲ್ಲ, ಆದರೆ ಪ್ರಾಸ ಕಟ್ಟಿ ಅದರ ನಡುವೆ ಇಟ್ಟು ಹೇಳಬಹುದು. ಮರಾಠಿ ಹೆಂಗಸರಲ್ಲೂ ಇದೆ, ಅವರು ಉಖಾಣೆ ಎನ್ನುತ್ತಾರೆ. ಹೆಸರಿನ ಜಾಗದಲ್ಲಿ ನಾನು ‘ಇಂಥವರು’ ಎಂದು ಬರೆಯುತ್ತೇನೆ. ಮೊದಲನೆಯವಳು ಹೊಸ ಮದುವಣಗಿತ್ತಿ, ನಾಚಿಕೊಂಡು ಹೇಳಿದಳು:

‘ಸಂಕ್ರಮಣದ ಎಳ್ಳು ಬೆಲ್ಲಾ ಬಟ್ಟಲ ತುಂಬ,
ಇಂಥವರ ಹೆಸರು ಹೇಳತೀನಿ ಮನಿ ತುಂಬ.’

ಎಲ್ಲರೂ ಹೋ ಎಂದರು. ಅದರ ಹಿಂದೆಯೇ ಎರಡು ಮಕ್ಕಳ ತಾಯಿಯೊಬ್ಬಳು ಸೊಂಟಕ್ಕೆ ಕೈಯಿಟ್ಟುಕೊಂಡು ಎದ್ದಳು:

‘ನಳದ ಮುಂದ ಕೊಡಾ ಇಟ್ಟು ಸೊಂಟಾ ಬಿತ್ತರೀ,
ಇಂಥವರ ಹೆಸರು ಹೇಳತೀನಿ, ನೀರು ಯಾವಾಗ ಬಿಡತೀರಿ?’

ಕಟ್ಟೆಯೆಲ್ಲ ನಗೆ. ಹುಡುಗಿ ನನ್ನ ಕಡೆ ನೋಡಿ ಕಣ್ಣರಳಿಸಿದಳು. ವ್ಯವಸ್ಥಾಪಕರು ಕಟ್ಟಿದ ಬೇಲಿಯ ಕೆಳಗೆ ಒಂದು ಸಂದು ಇದೆ ಎಂದು ನನಗೂ ಆಗಲೇ ಹೊಳೆದದ್ದು. ಒಡಪು ಸುದ್ದಿಯಲ್ಲ, ಭಾಷಣವಲ್ಲ, ಜಾನಪದ. ಜಾನಪದ ಮಾಡಿ ಮಾಡಿ ಎಂದು ಅವರೇ ತಾನೇ ಬೆನ್ನು ಹತ್ತುತ್ತಿದ್ದರು!

ಮೈಕು ಕೈಯಿಂದ ಕೈಗೆ ಬಂದು ಗೆಳತಿಯ ಹತ್ತಿರ ನಿಂತಿತು. ಅವಳನ್ನು ಕರೆದಿದ್ದೆವು, ಆದರೆ ಒಡಪು ಹೇಳು ಎಂದು ಯಾರೂ ಅವಳಿಗೆ ಹೇಳುತ್ತಿರಲಿಲ್ಲ. ಗಂಡ ಬಿಟ್ಟವಳಿಗೆ ಯಾರ ಹೆಸರು ಹೇಳು ಎನ್ನುವುದು? ‘ಮುಂದಿನಾಕಿಗಿ ಕೊಡವಾ’ ಎಂದು ಒಬ್ಬಳು ಮೆಲ್ಲಗೆ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಗೆಳತಿ ಮೈಕು ಕೊಡಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ಟುಡಿಯೋದಲ್ಲಿ ನಾನು ಕೇಳಿ ಗೊತ್ತಿದ್ದ ದನಿಗಿಂತ ತಗ್ಗಿದ ದನಿಯಲ್ಲಿ ಹೇಳಿದಳು:

‘ತಲಿ ಮ್ಯಾಲ ಇಟ್ಟಂಗಿ ಹೊತ್ತು ತಗಡಿನ ಮನಿ ಕಟ್ಟೀನಿ,
ಬಾಗಲದಾಗ ನಿಂತು ನನ್ನ ಹೆಸರು ನಾನ ಹೇಳತೀನಿ.’

ಆಮೇಲೆ ತನ್ನ ಹೆಸರು ಹೇಳಿದಳು. ಬರೀ ಹೆಸರು. ಮುಂದೆ ಯಾರದೂ ಇಲ್ಲ, ಹಿಂದೆ ಯಾರದೂ ಇಲ್ಲ.

ಯಾರೂ ಹೋ ಎನ್ನಲಿಲ್ಲ. ಇಂಥ ಒಡಪು ನಾವ್ಯಾರೂ ಕೇಳಿರಲಿಲ್ಲ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಯಿ ಎದುರಿಗೇ ಕೂತಿದ್ದಳು. ಅವಳು ತಲೆ ಬಗ್ಗಿಸಿ ಬಟ್ಟಲಿನ ಎಳ್ಳನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಿದ್ದಳು. ಹುಡುಗಿ ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದಳು, ಆ ಮೌನವೆಲ್ಲ ಹಾಗೇ ದಾಖಲಾಯಿತು. ಅದನ್ನು ಕತ್ತರಿಸಬೇಡ ಎಂದು ನಾನೇ ಅವಳಿಗೆ ಹೇಳಿದೆ.

ವ್ಯವಸ್ಥಾಪಕರಿಗೆ ಕನ್ನಡ ಬಾರದು. ಪ್ರಸಾರಕ್ಕೆ ಮೊದಲು ಪ್ರತಿಯೊಂದನ್ನೂ ಮರಾಠಿಗೆ ಹೇಳಿಸಿಕೊಳ್ಳುತ್ತಿದ್ದರು. ನಳದ ಒಡಪಿಗೆ ಮೀಸೆಯೊಳಗೇ ನಕ್ಕರು. ಗೆಳತಿಯದನ್ನು ನಾನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಕೂತಿದ್ದೆ, ಸುಳ್ಳೇಕೆ. ಅವರು ಪೆನ್ನು ಕೆಳಗಿಟ್ಟರು.

‘ಇದರಲ್ಲಿ ಯಾರ ಮೇಲಾದರೂ ದೂರು ಇದೆಯೇ?’ ಎಂದರು.

‘ಇಲ್ಲ.’

‘ಬೇರೆಯವರ ಹೆಸರು?’

‘ಅವಳದು ಮಾತ್ರ.’

‘ನನ್ನ ತಾಯಿ ಉಖಾಣೆಯಲ್ಲಿ ಎತ್ತಿದ ಕೈ’ ಎಂದರು ಅವರು. ‘ತನ್ನ ಹೆಸರು ಹಾಕಿ ಒಂದನ್ನೂ ಹೇಳಿದ್ದು ನೆನಪಿಲ್ಲ. ಹಾಕಿ, ಹಾಕಿ.’ ಆ ದಿನದಿಂದ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದೇನೆ.

ಸಂಕ್ರಾಂತಿಯ ಗುರುವಾರ ಅದು ಗಾಳಿಗೆ ಹೋಯಿತು. ವಸ್ತಿಯ ಗಂಡಸರೂ ಅಂದು ಮನೆಯಲ್ಲಿದ್ದರು, ಮೊಬೈಲಿನಲ್ಲಿ ರೇಡಿಯೋ ಹಚ್ಚಿಕೊಂಡು ತಮ್ಮ ತಮ್ಮ ಹೆಸರು ಬರುವುದನ್ನು ಕಾಯುತ್ತಿದ್ದರು. ಬಂದಾಗ ಮೀಸೆ ತಿರುವಿದರು. ಗೆಳತಿಯ ಸಾಲು ಬಂದಾಗ ಕಟ್ಟೆಯ ಮೇಲಿದ್ದವರ ಕೈ ಮೀಸೆಯಿಂದ ಇಳಿಯಿತಂತೆ. ರೇಡಿಯೋದಿಂದ ಬಂದ ಮಾತಿಗೆ ಬೀಡಿ ಹಚ್ಚಿಕೊಂಡು ಎದ್ದು ಹೋಗಲು ಬರುವುದಿಲ್ಲ. ಕಾರ್ಯಕ್ರಮ ಮುಗಿಯುವ ಮೊದಲೇ ಕೇಂದ್ರದ ಫೋನು ರಿಂಗಾಗತೊಡಗಿತು. ಬೇರೆ ವಸ್ತಿಯ ಹೆಂಗಸರು ತಮ್ಮ ಹೆಸರಿನ ಒಡಪು ತೆಗೆದುಕೊಂಡು ಕಾದಿದ್ದರು. ಒಬ್ಬಳು ಪ್ರಾಸ ಸಿಗದೆ ‘ನೀವ ಹಚ್ಚಿಕೋರಿ ಅಕ್ಕಾರ, ಹೆಸರು ಮಾತ್ರ ನಂದು ಹೇಳ್ರಿ’ ಎಂದಳು.

ಮರುದಿನ ರಾಂಜಣಗಾಂವದಿಂದ ಗೆಳತಿಯ ಗಂಡನದೂ ಫೋನು ಬಂತು, ನೇರ ವ್ಯವಸ್ಥಾಪಕರಿಗೆ. ಕಾರ್ಖಾನೆಯ ಜೊತೆಗಾರ ಈ ಸುದ್ದಿಯನ್ನೂ ಮುಟ್ಟಿಸಿರಬೇಕು. ರೇಡಿಯೋದಲ್ಲಿ ನನ್ನ ಮರ್ಯಾದೆ ತೆಗೆದಿದ್ದೀರಿ ಎಂದು ಕೂಗಾಡಿದನಂತೆ. ನಿಮ್ಮ ಹೆಸರು ಎಲ್ಲೂ ಬಂದಿಲ್ಲವಲ್ಲ ಎಂದರೆ, ಅದೇ, ಯಾಕೆ ಬಂದಿಲ್ಲ, ಎಲ್ಲರೂ ಗಂಡಂದಿರ ಹೆಸರು ಹೇಳಿದ್ದಾರೆ, ಅವಳು ಯಾಕೆ ಹೇಳಿಲ್ಲ, ಎಂದನಂತೆ. ಹೆಸರು ಬಂತೆಂದು ತಕರಾರು ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ, ಬರಲಿಲ್ಲವೆಂದು ಮಾಡುವವನನ್ನು ಇದೇ ಮೊದಲು ನೋಡಿದ್ದು ಎಂದು ವ್ಯವಸ್ಥಾಪಕರು ನನಗೆ ಹೇಳಿ ಕನ್ನಡಕ ಒರೆಸಿಕೊಂಡರು.

ಚಿಕಾನೊಗಳ ಹಾಡಿನ ಸಿಗ್ನಲ್ ನೆನಪಾಯಿತೇ ಎಂದು ಹುಡುಗಿ ಕೇಳಿದಳು. ನೆನಪಾಗಿತ್ತು. ಚಳವಳಿ ಎಂದರೆ ಮೆರವಣಿಗೆ, ಬಾವುಟ, ಕೂಗು ಎಂದು ನಾನೂ ಬಹಳ ಕಾಲ ತಿಳಿದವಳೇ. ಕೋರ್ಟಿನ ಮುಂದೆ ದಿನಾ ಒಂದಿಲ್ಲೊಂದು ನೋಡುತ್ತೇನೆ, ಸಂಜೆಗೆ ಬಾವುಟ ಸುತ್ತಿಕೊಂಡು ಹೋಗುತ್ತಾರೆ. ಇಲ್ಲಿ ಯಾರೂ ಕೂಗಿರಲಿಲ್ಲ. ಆದರೆ ಅಂಜಿ ಕೂತಿದ್ದ ಜನ ಒಂದೇ ಮಾತನ್ನು ಒಂದೇ ಹೊತ್ತಿಗೆ, ತಮ್ಮ ಭಾಷೆಯಲ್ಲಿ ಕೇಳಿದ್ದರು. ನಾನು ಮನೆಮನೆ ತಿರುಗಿ ಬಡಬಡಿಸಿದ್ದಕ್ಕಿಂತ ಅದು ಹೆಚ್ಚು ದೂರ ಹೋಯಿತು. ಅಷ್ಟರಿಂದ ಖೋಲಿ ಬರುತ್ತದೆ ಎಂದು ಮಾತ್ರ ನನಗೆ ನಂಬಿಕೆ ಇರಲಿಲ್ಲ.

ವಿಚಾರಣೆಯ ದಿನ ಸಿಟಿ ಬಸ್ಸಿನಿಂದ ಪುನರ್ವಸತಿ ಕಚೇರಿಯ ಮುಂದೆ ಹೆಂಗಸರು ಇಳಿದರು. ಗಂಡಸರು ಇಬ್ಬರೋ ಮೂವರೋ ಇದ್ದರು. ಕೊನೆಗೆ, ಒಬ್ಬಳ ಭುಜ ಹಿಡಿದುಕೊಂಡು ಆಯಿ ಇಳಿದಳು. ಬರುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವಳ ಗಂಡ ಆಗಲೇ ಬಂದು ಒಳಗೆ ಕುರ್ಚಿ ಹಿಡಿದಿದ್ದ, ಮಡಚಿದ ಕರೆಂಟ್ ಬಿಲ್ಲು ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ಅಧಿಕಾರಿ ನಡುವಯಸ್ಸಿನವರು, ಊಟದ ಹೊತ್ತಿಗೆ ಮುಗಿಸುವ ಅವಸರದಲ್ಲಿದ್ದರು. ಎಲ್ಲರಿಗಿಂತ ಹಿರಿಯಳೆಂದು ಆಯಿಯನ್ನೇ ಮುಂದೆ ಕರೆದು, ಈ ಖೋಲಿ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ಆಯಿ ಗೆಳತಿಯ ಹೆಸರು ಹೇಳಿದಳು. ಸೊಪ್ಪು ಸೋಸುವಾಗ ಕೂಗಿದಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು. ಅಧಿಕಾರಿ ಬರೆದುಕೊಂಡು, ತಲೆಯೆತ್ತದೆ, ಅವಳ ಗಂಡನ ಹೆಸರೇನು ಎಂದರು.

ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ‘ಆ ಹೆಸರು ನಾ ತಗೊಳ್ಳಂಗಿಲ್ರಿ, ಸಾಹೇಬ್ರ’ ಎಂದು ಕನ್ನಡದಲ್ಲೇ ಹೇಳಿದಳು.

ನಾನು ಮರಾಠಿಗೆ ತಿರುಗಿಸಿದೆ. ಅಧಿಕಾರಿಗೆ ಪದ್ಧತಿ ಗೊತ್ತಿತ್ತು, ಅವರ ಮನೆಯಲ್ಲೂ ಇದ್ದಿರಬೇಕು. ಇದು ನಿಮ್ಮ ಗಂಡನ ಹೆಸರಲ್ಲವಲ್ಲ ಅಜ್ಜಿ, ಎಂದು ಸ್ವಲ್ಪ ನಕ್ಕು, ಪಕ್ಕದವಳ ಕಡೆ ನೋಡಿದರು. ಪಕ್ಕದವಳೂ ಸೆರಗು ಎಳೆದುಕೊಂಡಳು. ಅವಳ ಪಕ್ಕದವಳು, ಅವಳ ಪಕ್ಕದವಳು. ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಜನ್ಮದಲ್ಲಿ ಮೊದಲ ಸಲ ಒಬ್ಬಳು ಬಾಯಿ ಕಟ್ಟಿದಾಗ ಇನ್ನೊಬ್ಬಳು ಹೇಳಲಿಲ್ಲ. ಅಧಿಕಾರಿ ನನ್ನನ್ನು ನೋಡಿದರು. ಆ ಹೆಸರನ್ನು ನಾನೇ ಅರ್ಜಿಯಲ್ಲಿ ಟೈಪು ಮಾಡಿದ್ದೆ, ಬಾಯಿಪಾಠ ಇತ್ತು. ನಾನೂ ಸುಮ್ಮನೆ ನಿಂತೆ.

ಕಡೆಗೆ ಅವನೇ ಕುರ್ಚಿಯಿಂದ ಎದ್ದು ತನ್ನ ಹೆಸರು ತಾನೇ ಹೇಳಿಕೊಂಡ. ದನಿ ಸಣ್ಣದಾಗಿತ್ತು, ಇನ್ನೊಮ್ಮೆ ಹೇಳಬೇಕಾಯಿತು. ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಇವತ್ತು ಬೆಳಿಗ್ಗೆ ಎಲ್ಲಿಂದ ಬಂದೆ ಎಂದು ಕೇಳಿದರು. ‘ರಾಂಜಣಗಾಂವದಿಂದ’ ಎಂದ, ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅಧಿಕಾರಿ ಅದನ್ನೂ ಬರೆದುಕೊಂಡರು.

ಹೊರಗೆ ಬಂದ ಮೇಲೆ ಗೆಳತಿ ಆಯಿಯ ಕಾಲು ಹಿಡಿಯಲು ಬಗ್ಗಿದಳು, ಆಯಿ ಬಿಡಲಿಲ್ಲ. ಇಬ್ಬರೂ ಅತ್ತರು. ನನಗೂ ಆಗ ಅಳು ಬಂತು, ಸಿಟ್ಟು ಅಡ್ಡ ಬರಲಿಲ್ಲ. ಆದೇಶ ಕೈಗೆ ಸಿಗಲು ಮಳೆಗಾಲವೇ ಬರಬೇಕಾಯಿತು. ಕಟ್ಟಡ ಇನ್ನೂ ಎದ್ದಿಲ್ಲ, ಯಾವಾಗ ಏಳುತ್ತದೋ ದೇವರೇ ಬಲ್ಲ. ಆದರೆ ಖೋಲಿ ಈಗ ಅವಳ ಹೆಸರಿನಲ್ಲಿದೆ. ಆ ಹೆಸರು ಏನೆಂದು ನನ್ನನ್ನು ಕೇಳಬೇಡಿ. ಅವಳನ್ನೇ ಕೇಳಿ, ಪಕ್ಕದವಳ ಮುಖ ನೋಡದೆ ಹೇಳುತ್ತಾಳೆ.